ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಊರಿನ ಹಣ

ಇಂದಿನ ಭಾಷಣದ ವಿಷಯ ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಬೇಕಾಗುವ ಹಣ. ನಾಯಿ ಕಚ್ಚಿದ ಸುದ್ದಿ, ನಾಯಿಗಳನ್ನು ಹಿಡಿದೊಯ್ಯಬೇಕೆಂಬ ಕೂಗು, ಒಯ್ಯಬಾರದೆಂಬ ಮರುಕೂಗು, ನ್ಯಾಯಾಲಯಗಳ ಆದೇಶ, ಇವೆಲ್ಲ ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಆದರೆ ಈ ಕೆಲಸಕ್ಕೆ ಎಷ್ಟು ಹಣ ಬೇಕು, ಅದನ್ನು ಯಾರು ಕೊಡಬೇಕು, ಕೊಟ್ಟ ಹಣ ಫಲ ನೀಡಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳು ಚರ್ಚೆಗೆ ಬರುವುದು ಅಪರೂಪ. ನಾಯಿಯನ್ನು ಪ್ರೀತಿಸುವವರಿಗೂ ನಾಯಿಗೆ ಅಂಜುವವರಿಗೂ ಸಮಾನವಾಗಿ ಸಂಬಂಧಿಸಿದ ಪ್ರಶ್ನೆಗಳು ಇವೇ. ಈ ಭಾಷಣ ಉದ್ದಕ್ಕೂ ಪ್ರತಿಪಾದಿಸುವುದು ಒಂದೇ ಮಾತನ್ನು: ಬಿಡಿ ನಾಯಿಗಳಿಗೆಂದು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಎತ್ತಿದ ಹಣ ಕರುಣೆಯ ಕೆಲಸವಾಗುತ್ತದೆಯೇ ಹೊರತು ಸಂತಾನ ನಿಯಂತ್ರಣವಾಗುವುದಿಲ್ಲ; ಒಂದು ಊರನ್ನೋ ಒಂದು ವಾರ್ಡನ್ನೋ ಪೂರ್ತಿ ಮುಗಿಸುವಷ್ಟು ಹಣವನ್ನು ಒಟ್ಟಿಗೆ ಕೂಡಿಸಿದಾಗ ಮಾತ್ರ ಅದು ಫಲಿಸುತ್ತದೆ.

ಮೊದಲು ಪದಗಳ ಅರ್ಥ ಸ್ಪಷ್ಟವಾಗಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಎಂದರೆ ಹೆಣ್ಣುನಾಯಿಯಲ್ಲಿ ಅಂಡಾಶಯವನ್ನೂ ಸಾಮಾನ್ಯವಾಗಿ ಅದರ ಜೊತೆಗೆ ಗರ್ಭಕೋಶವನ್ನೂ, ಗಂಡುನಾಯಿಯಲ್ಲಿ ವೃಷಣಗಳನ್ನೂ ಅರಿವಳಿಕೆ ಕೊಟ್ಟು ತೆಗೆಯುವ ಚಿಕಿತ್ಸೆ. ಇದನ್ನು ಮಾಡಿ, ರೇಬೀಸ್ ಅಥವಾ ಹುಚ್ಚುನಾಯಿ ರೋಗದ ವಿರುದ್ಧ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಮಾಡಿ, ಕೆಲವು ದಿನ ಆರೈಕೆ ನೀಡಿ, ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿಸುವ ಇಡೀ ಕ್ರಮಕ್ಕೆ ಪ್ರಾಣಿ ಸಂತಾನ ನಿಯಂತ್ರಣ ಕಾರ್ಯಕ್ರಮ ಎಂಬ ಹೆಸರಿದೆ. ಪುರಸಭೆಯ ಕಚೇರಿಗಳಲ್ಲಿ ಇದನ್ನು ಎಬಿಸಿ ಎಂದೇ ಕರೆಯುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2001ರಲ್ಲಿ ಈ ಬಗೆಗೆ ನಿಯಮಗಳು ಬಂದವು. ಅವುಗಳ ಬದಲಿಗೆ 2023ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು. ಬೀದಿಯಲ್ಲಿ ಬದುಕುವ ನಾಯಿಯನ್ನು ಹೊಸ ನಿಯಮಗಳು ಸಮುದಾಯದ ಪ್ರಾಣಿ ಎಂದು ಹೆಸರಿಸಿವೆ. ಸಮುದಾಯದ್ದು ಎಂದಮೇಲೆ ಅದರ ವೆಚ್ಚದಲ್ಲಿ ಸಮುದಾಯಕ್ಕೂ ಪಾಲಿದೆ.

ಸಮಸ್ಯೆ ಎಷ್ಟು ದೊಡ್ಡದು? 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು ಒಂದೂವರೆ ಕೋಟಿ ಬೀದಿನಾಯಿಗಳಿದ್ದವು. ಕರ್ನಾಟಕದ ಪಾಲು ಸುಮಾರು 11 ಲಕ್ಷ. 2024ರಲ್ಲಿ ದೇಶದಾದ್ಯಂತ ದಾಖಲಾದ ನಾಯಿಕಡಿತದ ಪ್ರಕರಣಗಳು 37 ಲಕ್ಷದಷ್ಟು, ಕರ್ನಾಟಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೋಗಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದಲೇ ಬರುತ್ತದೆ. ನಾಯಿಯಿಂದ ಬರುವ ಈ ರೋಗವನ್ನು 2030ರೊಳಗೆ ಇಲ್ಲವಾಗಿಸಬೇಕೆಂಬ ರಾಷ್ಟ್ರೀಯ ಕಾರ್ಯಯೋಜನೆ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿದೆ. ಯೋಜನೆಯ ಗುರಿ ಸರಿಯಾಗಿಯೇ ಇದೆ. ಅದನ್ನು ಮುಟ್ಟಲು ಬೇಕಾದ ಹಣ ಪಟ್ಟಣ ಪಂಚಾಯಿತಿಯ, ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಕಾಣುತ್ತಿಲ್ಲ.

ನಾಯಿಗಳ ಸಂಖ್ಯೆ ದೊಡ್ಡದು, ಕ್ರಮ ಗೊತ್ತಿರುವುದೇ, ಕಾನೂನೂ ಇದೆ. ಹಾಗಿದ್ದರೆ ಹಣ ಕೊಟ್ಟಷ್ಟು ಫಲ ಸಿಗಬೇಕಲ್ಲವೇ? ಸಿಗುವುದಿಲ್ಲ. ಅದರ ಕಾರಣ ತಿಳಿಯದೆ ಹಣ ಸಂಗ್ರಹಕ್ಕೆ ಇಳಿಯುವುದು ವ್ಯರ್ಥ.

ಹೆಣ್ಣುನಾಯಿಯೊಂದು ವರ್ಷಕ್ಕೆ ಒಂದೋ ಎರಡೋ ಬಾರಿ ಬೆದೆಗೆ ಬರುತ್ತದೆ, ಎರಡು ತಿಂಗಳು ಗರ್ಭ ಹೊತ್ತು ಒಂದು ಸೂಲಿಗೆ ನಾಲ್ಕಾರು ಮರಿಗಳನ್ನು ಹಾಕುತ್ತದೆ. ನೂರು ಹೆಣ್ಣುನಾಯಿಗಳಿರುವ ಬಡಾವಣೆಯಲ್ಲಿ ಇಪ್ಪತ್ತಕ್ಕೆ ಮಾತ್ರ ಚಿಕಿತ್ಸೆಯಾದರೆ ಉಳಿದ ಎಂಬತ್ತು ನಾಯಿಗಳ ಮರಿಗಳು ಆ ಇಪ್ಪತ್ತರ ಕೊರತೆಯನ್ನು ತುಂಬಿಬಿಡುತ್ತವೆ, ಏಕೆಂದರೆ ತಿನ್ನಲು ಸಿಗುವ ಕಸವೂ ಎಂಜಲೂ ಮೊದಲಿನಷ್ಟೇ ಇರುವುದರಿಂದ ಹುಟ್ಟಿದ ಮರಿಗಳಲ್ಲಿ ಬದುಕುಳಿಯುವವು ಹೆಚ್ಚುತ್ತವೆ. ಕೆರೆಯ ಏರಿಯನ್ನು ಅರ್ಧ ಕಟ್ಟಿ ಅರ್ಧ ಬಿಟ್ಟರೆ ನೀರು ಅರ್ಧ ನಿಲ್ಲುವುದಿಲ್ಲ, ಎಲ್ಲವೂ ಹರಿದುಹೋಗುತ್ತದೆ, ಇಲ್ಲಿಯೂ ಹಾಗೆಯೇ. ಒಂದು ಪ್ರದೇಶದ ನಾಯಿಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತನ್ನು ಕಡಿಮೆ ಅವಧಿಯಲ್ಲಿ ಮುಟ್ಟಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಗುರಿ. ರೇಬೀಸ್ ಹರಡುವಿಕೆಯನ್ನು ತಡೆಯಲು ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಪುರಾವೆ ಜೈಪುರದ್ದು. ಅಲ್ಲಿ ಹೆಲ್ಪ್ ಇನ್ ಸಫರಿಂಗ್ ಎಂಬ ಸಂಸ್ಥೆ 1994ರ ಕೊನೆಯಲ್ಲಿ ಕೆಲಸ ಆರಂಭಿಸಿ, 2002ರವರೆಗೆ ಸುಮಾರು 25 ಸಾವಿರ ನಾಯಿಗಳಿಗೆ ಚಿಕಿತ್ಸೆ ಮತ್ತು ಲಸಿಕೆ ನೀಡಿತು. ಹೆಣ್ಣುನಾಯಿಗಳಲ್ಲಿ ನೂರಕ್ಕೆ ಅರವತ್ತೈದರಷ್ಟನ್ನು ಮುಟ್ಟಿದ ಮೇಲೆ ಆ ಪ್ರದೇಶದ ನಾಯಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯಿತು. ನಗರದ ಬೇರೆ ಭಾಗಗಳಲ್ಲಿ ರೇಬೀಸ್ ಸಾವುಗಳು ಏರುತ್ತಿದ್ದ ಕಾಲದಲ್ಲಿ ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ಅವು ಶೂನ್ಯಕ್ಕೆ ಬಂದವು. ಬೆಂಗಳೂರಿನ ಅನುಭವವೂ ಇದನ್ನೇ ಹೇಳುತ್ತದೆ: ನಗರಪಾಲಿಕೆಯ 2019ರ ಗಣತಿಯಲ್ಲಿ ಮಹಾನಗರದ ಬೀದಿನಾಯಿಗಳು ಸುಮಾರು 3 ಲಕ್ಷ 10 ಸಾವಿರ, 2023ರಲ್ಲಿ ಸುಮಾರು 2 ಲಕ್ಷ 80 ಸಾವಿರ, ಈ ನಡುವೆ ಚಿಕಿತ್ಸೆಯಾದ ನಾಯಿಗಳ ಪಾಲು ಅರ್ಧದಿಂದ ನೂರಕ್ಕೆ ಎಪ್ಪತ್ತರ ಆಸುಪಾಸಿಗೆ ಏರಿತ್ತು. ನಗರ ಬೆಳೆಯುತ್ತಿದ್ದರೂ ನಾಯಿಗಳು ಕಡಿಮೆಯಾದವು. ನೆರೆಯ ಭೂತಾನ ಇನ್ನೂ ಮುಂದೆ ಹೋಗಿದೆ. ಒಂದೂವರೆ ಲಕ್ಷದಷ್ಟು ನಾಯಿಗಳಿಗೆ ಚಿಕಿತ್ಸೆ ಮಾಡಿ, ಬೀದಿನಾಯಿಗಳೆಲ್ಲವನ್ನೂ ಮುಟ್ಟಿದ್ದಾಗಿ ಆ ದೇಶ 2023ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಅದು ಪುಟ್ಟ ದೇಶ, ನಿಜ. ಆದರೆ ವಿಸ್ತೀರ್ಣದಲ್ಲಿ ಕರ್ನಾಟಕದ ಒಂದು ಜಿಲ್ಲೆ ಅದಕ್ಕಿಂತ ದೊಡ್ಡದೇನಲ್ಲ.

ಈವರೆಗಿನ ಸಾರ ಇಷ್ಟು: ಸಂತಾನ ನಿಯಂತ್ರಣ ಫಲಿಸುತ್ತದೆ, ಆದರೆ ಎಪ್ಪತ್ತರ ಗೆರೆಯ ಆಸುಪಾಸಿಗೆ ಬಂದಾಗ ಮಾತ್ರ. ಇನ್ನು ಹಣ ಏಕೆ ಕೂಡುವುದಿಲ್ಲ ಎಂಬುದನ್ನು ನೋಡಬೇಕು.

ಗಾಯಗೊಂಡ ನಾಯಿಯ ಚಿತ್ರ ತೋರಿಸಿದರೆ ಒಂದೇ ದಿನದಲ್ಲಿ ಸಾವಿರಾರು ರೂಪಾಯಿ ಕೂಡಬಹುದು. ಸಂತಾನಹರಣಕ್ಕೆ ಅಂತಹ ಚಿತ್ರವಿಲ್ಲ. ಅದರ ಫಲವೆಂದರೆ ಹುಟ್ಟದೇ ಹೋದ ಮರಿಗಳು, ಆಗದೇ ಹೋದ ಕಡಿತಗಳು, ಆಸ್ಪತ್ರೆಗೆ ಹೋಗಬೇಕಾಗಿ ಬಾರದ ಮಗು. ಇವುಗಳ ಚಿತ್ರ ತೆಗೆಯಲಾಗದು, ಇವುಗಳ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬರದು. ಆದ್ದರಿಂದ ದಾನಿಯ ಮನಸ್ಸು ರಕ್ಷಣೆಯ ಕಡೆಗೆ, ಆಶ್ರಯಧಾಮದ ಕಡೆಗೆ ಹರಿಯುತ್ತದೆ. ಅದು ತಪ್ಪಲ್ಲ. ಆದರೆ ಹತ್ತು ನಾಯಿಗಳನ್ನು ಜೀವನವಿಡೀ ಸಾಕುವ ಹಣದಲ್ಲಿ ನೂರಾರು ನಾಯಿಗಳಿಗೆ ಚಿಕಿತ್ಸೆ ಮಾಡಿಸಬಹುದು ಎಂಬ ಲೆಕ್ಕವನ್ನು ದಾನಿಗೆ ಯಾರಾದರೂ ಹೇಳಲೇಬೇಕು.

ಕೂಡಿದ ದೇಣಿಗೆ ಏನು ಮಾಡಬಲ್ಲದು ಎಂಬುದಕ್ಕೆ ಮದರಾಸಿನ ಇತಿಹಾಸ ಪಾಠವಾಗುತ್ತದೆ. ಅಲ್ಲಿನ ನಗರಪಾಲಿಕೆ ಹತ್ತೊಂಬತ್ತನೆಯ ಶತಮಾನದಿಂದಲೂ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತ ಬಂದಿತ್ತು. ಕೊಂದಷ್ಟೂ ಅವು ಮತ್ತೆ ತುಂಬಿಕೊಳ್ಳುತ್ತಿದ್ದವು. 1959ರಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ, ದಾನಿಗಳ ಹಣದಿಂದ, ಕೊಲ್ಲುವುದರ ಬದಲು ಸಂತಾನಹರಣ ಎಂಬ ಮಾರ್ಗವನ್ನು ಆರಂಭಿಸಿತು. ಪಾಲಿಕೆ ಆ ಮಾರ್ಗವನ್ನು ತಾನೂ ಒಪ್ಪಿದ್ದು 1996ರಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಖಾಸಗಿ ದೇಣಿಗೆ ಒಂದು ಮಾರ್ಗವನ್ನು ಜೀವಂತವಾಗಿ ಇಟ್ಟುಕೊಂಡು, ಅದು ಸಾಧ್ಯವೆಂದು ತೋರಿಸಿ, ಕೊನೆಗೆ ಸರ್ಕಾರದ ಹಣವನ್ನು ಅದರ ಕಡೆಗೆ ಎಳೆಯಿತು. ಊರಿನ ದೇಣಿಗೆಯ ನಿಜವಾದ ಕೆಲಸ ಇದು: ಸರ್ಕಾರದ ಜಾಗವನ್ನು ತಾನು ತುಂಬುವುದಲ್ಲ, ಸರ್ಕಾರವನ್ನು ಕೆಲಸಕ್ಕೆ ಹಚ್ಚುವುದು.

ಹಣ ಏಕೆ ಕೂಡುವುದಿಲ್ಲ ಎಂಬುದಾಯಿತು. ಇನ್ನು ಎಷ್ಟು ಬೇಕು ಎಂಬುದು.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಒಂದು ಕಾಲದಲ್ಲಿ ನಾಯಿಯೊಂದಕ್ಕೆ 445 ರೂಪಾಯಿ ಎಂದು ಲೆಕ್ಕ ಹಾಕಿತ್ತು. ಈಚಿನ ವರ್ಷಗಳಲ್ಲಿ ಸೂಚಿಸಿರುವ ದರ ಸುಮಾರು 1,650 ರೂಪಾಯಿ. ಈ ಮೊತ್ತ ಹೋಗುವುದೆಲ್ಲಿಗೆ? ನಾಯಿ ಹಿಡಿಯುವವರ ಕೂಲಿ, ಅವರು ಓಡಾಡುವ ಗಾಡಿಯ ಡೀಸೆಲ್, ಅರಿವಳಿಕೆ ಮದ್ದು, ಹೊಲಿಗೆಯ ದಾರ, ಸೋಂಕು ತಡೆಯುವ ಮತ್ತು ನೋವು ನೀಗುವ ಔಷಧ, ರೇಬೀಸ್ ಲಸಿಕೆ, ಜಂತುಹುಳುವಿನ ಔಷಧ, ಚಿಕಿತ್ಸೆಯ ಅನಂತರ ಕನಿಷ್ಠ ನಾಲ್ಕು ದಿನ ಗೂಡಿನಲ್ಲಿ ಇಟ್ಟುಕೊಂಡು ಹಾಕುವ ಅನ್ನ, ಪಶುವೈದ್ಯರ ಮತ್ತು ಸಹಾಯಕರ ಸಂಬಳ, ಮತ್ತೆ ಅದೇ ಬೀದಿಗೆ ಬಿಟ್ಟುಬರುವ ಪ್ರಯಾಣ, ಇವೆಲ್ಲ ಅದರೊಳಗೇ ಬರಬೇಕು. ಇವುಗಳಲ್ಲಿ ಹೊರಗಿನವರ ಗಮನಕ್ಕೆ ಬಾರದ ವೆಚ್ಚ ಹಿಡಿಯುವ ಕೆಲಸದ್ದು. ಮೊದಲ ಐವತ್ತು ನಾಯಿಗಳು ಬಿಸ್ಕತ್ತಿಗೆ ಬರುತ್ತವೆ. ಕೊನೆಯ ಇಪ್ಪತ್ತು ನಾಯಿಗಳಿಗೆ ಬಲೆ, ಬೆಳಗಿನ ಜಾವದ ಸರದಿ, ಅನುಭವಿ ಕೈ ಎಲ್ಲವೂ ಬೇಕು. ಎಪ್ಪತ್ತರ ಗೆರೆಯನ್ನು ಮುಟ್ಟಿಸುವುದು ಆ ಕೊನೆಯ ನಾಯಿಗಳೇ ಆದ್ದರಿಂದ, ಆರಂಭದ ನಾಯಿಗೂ ಕೊನೆಯ ನಾಯಿಗೂ ಒಂದೇ ದರ ಕೊಡುವ ಒಪ್ಪಂದಗಳಲ್ಲಿ ಕೆಲಸ ಅರ್ಧಕ್ಕೆ ನಿಲ್ಲುವ ಅಪಾಯ ಸದಾ ಇರುತ್ತದೆ. ಊರಿನವರು ಎತ್ತಿದ ಹಣ ಹೆಚ್ಚು ಬೆಲೆಬಾಳುವುದು ಈ ಕೊನೆಯ ಹಂತದಲ್ಲಿಯೇ.

ದರದ ಹೊರಗೆ ಉಳಿಯುವ ವೆಚ್ಚಗಳೂ ಇವೆ. ಶಸ್ತ್ರಚಿಕಿತ್ಸೆಯ ಕೊಠಡಿ, ಉಪಕರಣಗಳನ್ನು ಆವಿಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಯಂತ್ರ, ಗೂಡುಗಳು, ಸಿಸಿಟಿವಿ, ವಿದ್ಯುತ್ ಹೋದಾಗ ಬೇಕಾಗುವ ಜನರೇಟರ್, ಕೆಲಸಗಾರರಿಗೆ ಮುಂಜಾಗ್ರತೆಯಾಗಿ ಹಾಕಿಸಬೇಕಾದ ರೇಬೀಸ್ ಲಸಿಕೆ, ಇವಿಲ್ಲದೆ ಕೇಂದ್ರ ನಡೆಯದು. ಅಗ್ಗದಲ್ಲಿ ಮುಗಿಸುತ್ತೇವೆ ಎಂದು ಟೆಂಡರ್ ಹಿಡಿದವರು ಕಡಿತ ಮಾಡುವುದು ನೋವುನಿವಾರಕದಲ್ಲಿ ಮತ್ತು ಆರೈಕೆಯ ದಿನಗಳಲ್ಲಿ. ಆ ಕಡಿತದ ಬೆಲೆಯನ್ನು ಮಾತು ಬಾರದ ಪ್ರಾಣಿ ತನ್ನ ಮೈಯಿಂದ ತೆರುತ್ತದೆ. ಇದನ್ನು ಒಪ್ಪಿಕೊಳ್ಳುವ ಯಾವ ಉಳಿತಾಯವೂ ಉಳಿತಾಯವಲ್ಲ.

ಈಗ ಒಂದು ಊರಿನ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಲವತ್ತು ಸಾವಿರ ಜನರ, ಹತ್ತು ಸಾವಿರ ಮನೆಗಳ ಪಟ್ಟಣವೊಂದರಲ್ಲಿ ಸಾವಿರ ಬೀದಿನಾಯಿಗಳಿವೆ ಎಂದಿಟ್ಟುಕೊಂಡರೆ, ಎಪ್ಪತ್ತರ ಗುರಿಯಂತೆ ಏಳುನೂರು ನಾಯಿಗಳಿಗೆ ಚಿಕಿತ್ಸೆಯಾಗಬೇಕು. ನಾಯಿಗೆ 1,650 ರೂಪಾಯಿಯಂತೆ ಒಟ್ಟು ಹನ್ನೊಂದೂವರೆ ಲಕ್ಷ. ಮನೆಯೊಂದಕ್ಕೆ ಹಂಚಿದರೆ ಸುಮಾರು 115 ರೂಪಾಯಿ. ಕಟ್ಟಡವೂ ಉಪಕರಣಗಳೂ ಇದ್ದರೆ ಇಷ್ಟೇ ಸಾಕು. ಮುಂದಿನ ವರ್ಷಗಳಲ್ಲಿ ಹೊಸದಾಗಿ ಬಂದ ನಾಯಿಗಳಿಗೆ ಮತ್ತು ಮರುಲಸಿಕೆಗೆ ಇದರ ಒಂದು ಪಾಲು ಬೇಕಾಗುತ್ತದೆ. ಇಡೀ ರಾಜ್ಯಕ್ಕೆ ಇದೇ ಲೆಕ್ಕವನ್ನು ಹರಡಿದರೆ, 11 ಲಕ್ಷ ನಾಯಿಗಳಲ್ಲಿ ಎಪ್ಪತ್ತರ ಪಾಲಿಗೆ 130 ಕೋಟಿ ರೂಪಾಯಿಯ ಆಸುಪಾಸು. ರಾಜ್ಯದ ಆಯವ್ಯಯದ ಮುಂದೆ ಇದು ಸಣ್ಣ ಮೊತ್ತ. ಪ್ರತಿವರ್ಷ ಲಕ್ಷಗಟ್ಟಲೆ ಜನರಿಗೆ ಕೊಡಬೇಕಾದ ಲಸಿಕೆಯ ಸರಣಿ, ಆಳವಾದ ಗಾಯಗಳಿಗೆ ಹಾಕುವ ದುಬಾರಿ ಇಮ್ಯುನೊಗ್ಲಾಬ್ಯುಲಿನ್, ಆಸ್ಪತ್ರೆಗೆ ನಾಲ್ಕೈದು ಬಾರಿ ಓಡಾಡುವ ಕೂಲಿಕಾರನ ಕಳೆದುಹೋದ ದುಡಿಮೆ, ಇವುಗಳನ್ನು ಎದುರಿಗಿಟ್ಟು ನೋಡಬೇಕು.

ಮೊತ್ತ ತಿಳಿಯಿತು. ಅದು ಬರಬೇಕಾದ ಮೂಲಗಳನ್ನು ಇನ್ನು ಒಂದೊಂದಾಗಿ ಪರಿಶೀಲಿಸಬಹುದು.

ಮೊದಲನೆಯ ಮೂಲ ಸ್ಥಳೀಯ ಸಂಸ್ಥೆಯೇ. 2023ರ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನ ನಿಯಂತ್ರಣದ ಹೊಣೆ ನಗರಪಾಲಿಕೆ, ನಗರಸಭೆ, ಪುರಸಭೆ, ಪಂಚಾಯಿತಿಗಳದ್ದು. ಅವು ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಈ ಕೆಲಸ ಮಾಡಿಸಬೇಕು. ಆದ್ದರಿಂದ ದೇಣಿಗೆಯ ಡಬ್ಬಿ ಹಿಡಿಯುವ ಮೊದಲು ಊರಿನವರು ಆಯವ್ಯಯದ ಪುಸ್ತಕ ತೆರೆಸಬೇಕು. ಆಯವ್ಯಯ ಮಂಡನೆಗೆ ಮುಂಚೆ ಪುರಸಭೆಗಳಲ್ಲಿ ಸಾರ್ವಜನಿಕರ ಪೂರ್ವಭಾವಿ ಸಭೆ ನಡೆಯುವುದುಂಟು. ಬೀದಿದೀಪ, ಚರಂಡಿ, ನೀರಿನ ಬಗೆಗೆ ಅಲ್ಲಿ ಮಾತಾಡುವವರಿರುತ್ತಾರೆ. ಸಂತಾನ ನಿಯಂತ್ರಣಕ್ಕೆ ಪ್ರತ್ಯೇಕ ಶೀರ್ಷಿಕೆ ಇಟ್ಟು ಹಣ ತೆಗೆದಿರಿಸಿ ಎಂದು ಲಿಖಿತವಾಗಿ ಕೇಳುವವರು ತೀರ ಕಡಿಮೆ. ಕೇಳದ ಬಾಬತ್ತಿಗೆ ಯಾವ ಕಚೇರಿಯೂ ತಾನಾಗಿ ಹಣ ಇಡುವುದಿಲ್ಲ. ಸಂಸತ್ತಿಗೆ ಕೇಂದ್ರ ಸರ್ಕಾರ ನೀಡಿದ ಮಾಹಿತಿಯಂತೆ, ಪರಿಷ್ಕೃತ ಯೋಜನೆಯಲ್ಲಿ ನಾಯಿಯೊಂದಕ್ಕೆ 800 ಮತ್ತು ಬೆಕ್ಕೊಂದಕ್ಕೆ 600 ರೂಪಾಯಿಯ ನೆರವಿಗೂ ಅವಕಾಶವಿದೆ. ನಾಯಿಯ ವೆಚ್ಚದ ಅರ್ಧದಷ್ಟನ್ನು ಇದು ಭರಿಸಬಲ್ಲದು. ಉಳಿದರ್ಧವನ್ನು ಪುರಸಭೆ ಮತ್ತು ಊರು ಹಂಚಿಕೊಳ್ಳಬಹುದು.

ಎರಡನೆಯ ಮೂಲ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಎಂದರೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೆಯ ಕಲಂ ಪ್ರಕಾರ ನಿಗದಿತ ಮಟ್ಟದ ಆಸ್ತಿ, ವಹಿವಾಟು ಅಥವಾ ಲಾಭವಿರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಪರಿಸರದ ಜೊತೆಗೆ ಪ್ರಾಣಿ ಕಲ್ಯಾಣದ ಹೆಸರೂ ಸ್ಪಷ್ಟವಾಗಿ ಇದೆ. ಶಾಲೆ, ಆಸ್ಪತ್ರೆಗಳಿಗೆ ಮನಸ್ಸು ಮಾಡುವ ಕಂಪನಿ ನಾಯಿಗಳಿಗೆ ಮನಸ್ಸು ಮಾಡುವುದಿಲ್ಲ ಎಂಬ ದೂರು ಕೇಳಿಬರುತ್ತದೆ. ರೇಬೀಸ್ ತಡೆ ಎಂಬುದು ಮಕ್ಕಳ ಆರೋಗ್ಯದ ಕೆಲಸವೇ ಎಂದು ಮನವಿ ಬರೆಯುವವರು ತೋರಿಸಿಕೊಡದಿರುವುದು ಅದಕ್ಕೆ ಒಂದು ಕಾರಣ. ಕಂಪನಿಗೆ ಕೊಡುವ ಮನವಿಯಲ್ಲಿ ಒಂದು ನಾಯಿಯ ಕಥೆಗಿಂತ ಒಂದು ವಾರ್ಡಿನ ನಕ್ಷೆ, ಅಲ್ಲಿನ ನಾಯಿಗಳ ಎಣಿಕೆ, ಎಷ್ಟು ತಿಂಗಳಲ್ಲಿ ಎಪ್ಪತ್ತು ಮುಟ್ಟುತ್ತದೆ ಎಂಬ ವೇಳಾಪಟ್ಟಿ ಇರಬೇಕು. ಕಟ್ಟಡ, ಗಾಡಿ, ಯಂತ್ರಗಳಂತಹ ಒಂದೇ ಬಾರಿಯ ವೆಚ್ಚಕ್ಕೆ ಈ ನಿಧಿ ಅತ್ಯಂತ ಸೂಕ್ತ. ದಿನನಿತ್ಯದ ವೆಚ್ಚಕ್ಕೆ ಇದನ್ನೇ ನಂಬಿದರೆ, ಕಂಪನಿಯ ಲಾಭ ಇಳಿದ ವರ್ಷ ಕೇಂದ್ರದ ಬಾಗಿಲು ಮುಚ್ಚುತ್ತದೆ.

ಮೂರನೆಯ ಮೂಲ ವ್ಯಕ್ತಿಗಳ ದೇಣಿಗೆ. ಇದಕ್ಕೆಂದೇ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟ ದೇಣಿಗೆಗೆ, ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ, 80ಜಿ ಎಂದು ಎಲ್ಲರಿಗೂ ಪರಿಚಿತವಾದ ಆದಾಯ ತೆರಿಗೆಯ ರಿಯಾಯಿತಿ ದೊರೆಯುತ್ತದೆ. ಆದರೆ 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟರೆ ದೊರೆಯುವುದಿಲ್ಲ. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಊರಿಗೆ ನೆರವಾಗಲು ಮುಂದೆ ಬರುವುದುಂಟು. ಅವರು ಭಾರತದ ಪೌರತ್ವ ಉಳಿಸಿಕೊಂಡಿದ್ದರೆ ತೊಡಕಿಲ್ಲ; ಬೇರೆ ದೇಶದ ಪೌರರಾಗಿದ್ದರೆ ಆ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ, ಅದನ್ನು ಸ್ವೀಕರಿಸಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಬಳಿಕ ಹೀಗೆ ಬಂದ ಹಣವನ್ನು ಒಂದು ಸಂಸ್ಥೆ ಮತ್ತೊಂದಕ್ಕೆ ದಾಟಿಸುವಂತಿಲ್ಲ. ಆದ್ದರಿಂದ ದೊಡ್ಡ ಸಂಸ್ಥೆಯ ಮೂಲಕ ಹಣ ತರಿಸಿ ಊರಿನ ಸಣ್ಣ ಸಂಘಕ್ಕೆ ಕೊಡಿಸುವ ಹಳೆಯ ದಾರಿ ಈಗ ಮುಚ್ಚಿದೆ.

ಸರ್ಕಾರ, ಕಂಪನಿ, ದಾನಿ, ಈ ಮೂರು ಮೂಲಗಳ ಪರಿಚಯವಾಯಿತು. ನಾಲ್ಕನೆಯದು ನೆರೆಹೊರೆ. ಮೊತ್ತದಲ್ಲಿ ಇದು ಸಣ್ಣದು, ಮಹತ್ವದಲ್ಲಿ ಎಲ್ಲಕ್ಕಿಂತ ದೊಡ್ಡದು.

ಮನೆಗೆ ನೂರಿನ್ನೂರು ರೂಪಾಯಿಯ ವಂತಿಗೆ ಎತ್ತಿ ಅಣ್ಣಮ್ಮನ ಉತ್ಸವ, ಗಣಪತಿಯ ಪೆಂಡಾಲು, ರಾಜ್ಯೋತ್ಸವ ನಡೆಸುವ ಅಭ್ಯಾಸ ಕರ್ನಾಟಕದ ಬಡಾವಣೆಗಳಿಗೆ ಹೊಸದಲ್ಲ. ಯಾವ ಮನೆ ಕೊಟ್ಟಿತು, ಎಷ್ಟು ಖರ್ಚಾಯಿತು ಎಂಬುದನ್ನು ಹಲಗೆಯ ಮೇಲೆ ಬರೆದು ನಿಲ್ಲಿಸುವ ಪದ್ಧತಿಯೂ ಇದೆ. ಅದೇ ಸಮಿತಿಗಳು, ಅದೇ ರಸೀದಿ ಪುಸ್ತಕ, ಅದೇ ಹಲಗೆ ಈ ಕೆಲಸಕ್ಕೂ ಒದಗಬಲ್ಲವು. ವಂತಿಗೆ ಕೊಟ್ಟ ಮನೆಯವರು ನಾಯಿ ಹಿಡಿಯುವ ಗಾಡಿ ಬಂದಾಗ ಜಗಳಕ್ಕೆ ನಿಲ್ಲುವುದಿಲ್ಲ. ತಮ್ಮ ಬೀದಿಯಲ್ಲಿ ಇನ್ನೂ ಕಿವಿ ಕಚ್ಚಾಗದ ನಾಯಿ ಯಾವುದು, ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ತಾವೇ ತೋರಿಸುತ್ತಾರೆ. ನಿತ್ಯ ಅನ್ನ ಹಾಕುವವರ ಕೈಗೆ ಬರುವ ನಾಯಿಯನ್ನು ಬಲೆಯಿಲ್ಲದೆ ಹಿಡಿಯಬಹುದು, ಆಗ ವೆಚ್ಚವೂ ಇಳಿಯುತ್ತದೆ, ಪ್ರಾಣಿಯ ಭಯವೂ ಇಳಿಯುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ತಿಂಗಳ ನಿರ್ವಹಣಾ ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಸುತ್ತಲಿನ ಬೀದಿಗಳಿಗೂ ಸೇರಿಸಿ ತೆಗೆದಿಡುವುದು ನ್ಯಾಯ, ಏಕೆಂದರೆ ನಾಯಿಗಳು ಕಾಂಪೌಂಡಿನ ಗಡಿಯನ್ನು ಒಪ್ಪುವುದಿಲ್ಲ.

ಸಾಕುನಾಯಿಗಳ ಮಾತೂ ಇಲ್ಲಿಯೇ ಬರುತ್ತದೆ. ಹಗಲು ಬಿಟ್ಟು ರಾತ್ರಿ ಕಟ್ಟುವ ಮನೆನಾಯಿಗಳಿಂದಲೂ, ಚೀಲದಲ್ಲಿ ತುಂಬಿ ಮಾರುಕಟ್ಟೆಯ ಬಳಿ ಬಿಟ್ಟುಹೋಗುವ ಮರಿಗಳಿಂದಲೂ ಬೀದಿಯ ಸಂಖ್ಯೆ ಬೆಳೆಯುತ್ತದೆ. ಸಾಕಿದ ಪ್ರಾಣಿಯ ಲಸಿಕೆಯ, ಸಂತಾನಹರಣದ ಹೊಣೆ ಒಡೆಯನದೇ ಎಂದು ನಿಯಮಗಳು ಹೇಳುತ್ತವೆ. ಅಮೆರಿಕದ ಹಲವು ಊರುಗಳಲ್ಲಿ ಚಿಕಿತ್ಸೆಯಾಗದ ಸಾಕುನಾಯಿಗೆ ಹೆಚ್ಚಿನ ಪರವಾನಗಿ ಶುಲ್ಕ ಹಾಕುತ್ತಾರೆ; ನ್ಯೂಜೆರ್ಸಿ ರಾಜ್ಯ 1980ರ ದಶಕದಿಂದ ಇಂತಹ ಹೆಚ್ಚುವರಿ ಶುಲ್ಕವನ್ನು ಕೂಡಿಸಿ ಬಡ ಕುಟುಂಬಗಳ ಪ್ರಾಣಿಗಳಿಗೆ ಅಗ್ಗದ ಚಿಕಿತ್ಸೆ ಕೊಡಿಸುವ ನಿಧಿ ನಡೆಸಿತು. ಕರ್ನಾಟಕದ ನಗರಗಳಲ್ಲಿಯೂ ಸಾಕುನಾಯಿಗೆ ಪರವಾನಗಿ ಪಡೆಯುವ ನಿಯಮವಿದೆ, ಪಡೆಯುವವರು ವಿರಳ. ಆ ಶುಲ್ಕವನ್ನು ಗಂಭೀರವಾಗಿ ವಸೂಲು ಮಾಡಿ, ಚಿಕಿತ್ಸೆಯಾದ ನಾಯಿಗೆ ವಿನಾಯಿತಿ ಕೊಟ್ಟು, ಬಂದ ಹಣವನ್ನು ಇದೇ ಕೆಲಸಕ್ಕೆ ಮೀಸಲಿಟ್ಟರೆ ಸ್ಥಿರವಾದ ಆದಾಯವೊಂದು ಹುಟ್ಟುತ್ತದೆ.

ವೆಚ್ಚದಲ್ಲಿ ಪ್ರಾಣಿಪ್ರಿಯರ ಪಾಲಿನ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರ ಆದೇಶವು, ಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು, ರೇಬೀಸ್ ಇರುವ ಹಾಗೂ ಆಕ್ರಮಣಕಾರಿಯಾದವುಗಳನ್ನು ಬಿಟ್ಟು, ಹಿಡಿದ ಜಾಗಕ್ಕೇ ಮರಳಿಸಲು ಹೇಳಿತು. ಜೊತೆಗೆ ನ್ಯಾಯಾಲಯಕ್ಕೆ ಬಂದಿದ್ದ ವ್ಯಕ್ತಿಗಳು ತಲಾ 25 ಸಾವಿರ, ಸಂಸ್ಥೆಗಳು ತಲಾ 2 ಲಕ್ಷ ರೂಪಾಯಿಯನ್ನು ನಾಯಿಗಳ ಸೌಕರ್ಯಕ್ಕಾಗಿ ಠೇವಣಿ ಇಡಬೇಕೆಂದಿತು. ನ್ಯಾಯ ಕೇಳಲು ಬಂದವರಿಂದ ಹಣ ಕೇಳಬಹುದೇ ಎಂಬ ಚರ್ಚೆ ಇದ್ದೇ ಇದೆ. ಆದರೆ ಅನ್ನ ಹಾಕುವ ಕೈ ಚಿಕಿತ್ಸೆಯ ವೆಚ್ಚಕ್ಕೂ ನೀಡಬೇಕೆಂಬ ತತ್ವದಲ್ಲಿ ತಪ್ಪು ಕಾಣುವುದಿಲ್ಲ. ಆದೇಶಕ್ಕೆ ಕಾಯದೆ ಅದು ತಾನಾಗಿ ಬರಬೇಕು.

ಮೂಲಗಳ ವಿಚಾರ ಮುಗಿಯಿತು. ಹಣ ಕೂಡಬೇಕಾದ ಕಾಲದ ಬಗೆಗೆ ಒಂದು ಮಾತು ಉಳಿದಿದೆ. ಭಾದ್ರಪದದಿಂದ ಕಾರ್ತಿಕದವರೆಗೆ ನಾಯಿಗಳಿಗೆ ಬೆದೆಯ ಕಾಲವೆಂದು ಹಳ್ಳಿಯವರಿಗೆ ಗೊತ್ತಿರುವುದೇ. ಜೈಪುರದ ಪಶುವೈದ್ಯರ ಅಧ್ಯಯನವೂ ಬೀದಿನಾಯಿಗಳ ಗರ್ಭಧಾರಣೆಗೆ ಋತುಮಾನವಿದೆಯೆಂದು, ಮಳೆಗಾಲದ ಬಳಿಕ ಅದು ಹೆಚ್ಚುತ್ತದೆಂದು ತೋರಿಸಿದೆ. ಹೀಗಿರುವಾಗ ದೀಪಾವಳಿಯಲ್ಲಿ ಸಂಗ್ರಹ ಆರಂಭಿಸಿದರೆ ಚಳಿಗಾಲದ ಮರಿಗಳು ಆಗಲೇ ಹೊಟ್ಟೆಯಲ್ಲಿರುತ್ತವೆ. ಯುಗಾದಿಯ ಹೊತ್ತಿಗೆ ಹಣ ಕೈಯಲ್ಲಿರಬೇಕು, ಮಳೆ ಹಿಡಿಯುವ ಮೊದಲು ಕೆಲಸ ಆರಂಭವಾಗಬೇಕು. ಸಂಗ್ರಹಕ್ಕೆ ಇಳಿದ ಬಹುಮಂದಿ ಕಡೆಗಣಿಸುವ ಸಂಗತಿ ಇದು.

ಕೊನೆಯದಾಗಿ ಲೆಕ್ಕಪತ್ರ. ದೇಣಿಗೆಯ ಹೆಸರಿನಲ್ಲಿ ಮೋಸ ನಡೆಯುವ ಭಯ ಜನರಲ್ಲಿದೆ, ಆ ಭಯ ಆಧಾರವಿಲ್ಲದ್ದೂ ಅಲ್ಲ. ಆದರೆ ದಾನಿ ತಾನೇ ಪರೀಕ್ಷಿಸಿ ನೋಡಬಹುದಾದ ಕೆಲಸಗಳಲ್ಲಿ ಇದೊಂದು. ಕೇಂದ್ರ ನಡೆಸುವ ಸಂಸ್ಥೆಗೆ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆಯ ಪ್ರಮಾಣಪತ್ರ ಇದೆಯೇ ಎಂದು ಕೇಳಬಹುದು. ಅದಿಲ್ಲದ ಕಡೆ ಒಂದು ರೂಪಾಯಿಯನ್ನೂ ಕೊಡಬಾರದು. ತೆಗೆದ ಅಂಗಗಳನ್ನು ಕೆಡದಂತೆ ಇಟ್ಟು, ಬಿಲ್ಲಿನೊಂದಿಗೆ ತಾಳೆ ನೋಡಲು ಉಸ್ತುವಾರಿ ಸಮಿತಿ ಎಣಿಸುವ ಕ್ರಮವಿದೆ. ಆ ಎಣಿಕೆಯ ವರದಿಯನ್ನು ಕೇಳಬಹುದು. ಎಲ್ಲಕ್ಕಿಂತ ಸುಲಭವಾದದ್ದು ಬೀದಿಯ ಎಣಿಕೆ. ಬೆಳಗ್ಗೆ ಆರು ಗಂಟೆಗೆ ನಿಗದಿತ ಬೀದಿಗಳಲ್ಲಿ ನಡೆದು, ಕಂಡ ನಾಯಿಗಳಲ್ಲಿ ಕಿವಿ ಕಚ್ಚಾದವು ಎಷ್ಟು, ಆಗದವು ಎಷ್ಟು, ಮರಿಗಳು ಎಷ್ಟು ಎಂದು ಬರೆದುಕೊಂಡರೆ ನೂರಕ್ಕೆ ಎಷ್ಟು ಮುಟ್ಟಿತೆಂಬುದು ಯಾವ ವರದಿಯ ಹಂಗೂ ಇಲ್ಲದೆ ತಿಳಿಯುತ್ತದೆ. ಪ್ರೌಢಶಾಲೆಯ ಮಕ್ಕಳೂ ಹಿರಿಯರೊಬ್ಬರ ಜೊತೆಗೂಡಿ ಇದನ್ನು ಮಾಡಬಲ್ಲರು. ಹಣ ಎತ್ತುವ ಮೊದಲು ಒಮ್ಮೆ, ಆರು ತಿಂಗಳ ಬಳಿಕ ಮತ್ತೊಮ್ಮೆ ಎಣಿಸಿ ಎರಡೂ ಅಂಕಿಗಳನ್ನು ವಂತಿಗೆಯ ಹಲಗೆಯ ಮೇಲೆಯೇ ಬರೆಯಬೇಕು. ಚಿಕಿತ್ಸೆಯ ಅನಂತರ ಸತ್ತ ನಾಯಿಗಳ ಸಂಖ್ಯೆಯನ್ನೂ ಅಲ್ಲಿಯೇ ಬರೆಯಬೇಕು. ಅದನ್ನು ಮುಚ್ಚಿಡುವ ಸಂಸ್ಥೆಗಿಂತ ಹೇಳುವ ಸಂಸ್ಥೆ ಹೆಚ್ಚು ವಿಶ್ವಾಸಾರ್ಹ.

ಕೇಳುಗರಲ್ಲಿ ಒಂದು ಮನವಿ. ನಿಮ್ಮ ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಮುಂದಿನ ಸಭೆಗೆ ನೆರೆಯ ನಾಲ್ಕು ಮನೆಯವರೊಂದಿಗೆ ಹೋಗಿ, ಎರಡು ಪ್ರಶ್ನೆಗಳನ್ನು ಬರೆದು ಕೊಡಿ: ಈ ಊರಿನಲ್ಲಿ ಬೀದಿನಾಯಿಗಳು ಎಷ್ಟು, ಅವುಗಳ ಸಂತಾನ ನಿಯಂತ್ರಣಕ್ಕೆ ಈ ವರ್ಷ ತೆಗೆದಿರಿಸಿದ ಹಣ ಎಷ್ಟು? ಉತ್ತರ ಲಿಖಿತವಾಗಿ ಬರುವವರೆಗೆ ಕೇಳುವುದನ್ನು ಬಿಡಬೇಡಿ.